ಕರೆದರೆ ತಿರುಗದ ಮಗು: ಆಟಿಸಂ ಗುರುತಿಸುವುದು, ತಪಾಸಣೆ ಮಾಡಿಸುವುದು ಹೇಗೆ?

ಒಂದೂವರೆ ವರ್ಷ ದಾಟಿದರೂ ಕೂಸು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಒಂದು ಮಾತೂ ಹೊರಟಿಲ್ಲ ಎಂದು ತಾಯಿ ಹೇಳಿದರೆ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಗಂಡಹುಡುಗ್ರು ತಡಾನ ಮಾತಾಡ್ತಾವ. ಅವರಪ್ಪನೂ ನಾಕು ವರ್ಷಕ್ಕ ಮಾತಾಡಿದ್ದ. ನಾಲಿಗಿಗೆ ಬಜಿ ತಿಕ್ಕು.” ತಡವಾಗಿ ಮಾತು ಕಲಿತು ಮುಂದೆ ಚೆನ್ನಾಗಿ ಬೆಳೆಯುವ ಮಕ್ಕಳು ಇದ್ದಾರೆ, ಅದು ಸುಳ್ಳಲ್ಲ. ಆದರೆ ಯಾವ ಮಗು ಆ ಗುಂಪಿನದು, ಯಾವುದು ಅಲ್ಲ ಎಂದು ಕಾಯ್ದು ನೋಡಬೇಕಿಲ್ಲ. ನೋಡಿ ತಿಳಿಯುವ ದಾರಿಗಳಿವೆ. ಒಂದೂವರೆಯಿಂದ ಮೂರು ವರ್ಷದವರೆಗಿನ ಅವಧಿ ಮಿದುಳು ಅತಿ ವೇಗವಾಗಿ ಕಲಿಯುವ ಕಾಲ. ಕಾಯುವುದರಲ್ಲಿ ಹೋಗುವುದು ಅದೇ ಕಾಲ.

ಆಟಿಸಂ ರೋಗವಲ್ಲ, ಮಗುವಿನ ಮಿದುಳು ಬೆಳೆಯುವ ಬಗೆಯೇ ಬೇರೆಯಾಗಿರುವ ಸ್ಥಿತಿ. ವೈದ್ಯರು ಎರಡು ಬಗೆಯ ಲಕ್ಷಣಗಳನ್ನು ನೋಡುತ್ತಾರೆ. ಮೊದಲನೆಯದು ಮಂದಿಯ ಜೊತೆ ಬೆರೆಯುವುದು, ಕಣ್ಣು, ಕೈಸನ್ನೆ, ಮುಖಭಾವ, ಮಾತು ಇವುಗಳಿಂದ ಕೊಟ್ಟು ತೆಗೆದುಕೊಳ್ಳುವುದು. ಎರಡನೆಯದು ಮಾಡಿದ್ದನ್ನೇ ಮಾಡುವುದು, ಒಂದೇ ಕ್ರಮಕ್ಕೆ ಹಟ ಹಿಡಿಯುವುದು, ಸದ್ದು, ಬೆಳಕು, ಬಟ್ಟೆ, ತಿನಿಸುಗಳಿಗೆ ವಿಪರೀತ ಸ್ಪಂದಿಸುವುದು ಅಥವಾ ಸ್ಪಂದಿಸದೇ ಇರುವುದು. ಎರಡೂ ಕಡೆ ತೊಂದರೆ ಇದ್ದರೆ ಮಾತ್ರ ಆಟಿಸಂ. ಮಾತು ತಡ ಎನ್ನುವುದೊಂದೇ ಇದ್ದರೆ ಅಲ್ಲ. ಹಾಗೆಯೇ ಎ ಬಿ ಸಿ ಡಿ ಪೂರ್ತಿ ಹೇಳುವ, ಇಂಗ್ಲಿಷ್ ಅಂಕಿಗಳನ್ನು ನೂರರವರೆಗೆ ಓದುವ ಮಗುವಿಗೂ ಆಟಿಸಂ ಇರಬಹುದು. ನೂರು ಎಣಿಸುವ ಮಗು ನೀರಡಿಸಿದಾಗ ನೀರು ಕೇಳುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಮೊದಲ ಹೆಜ್ಜೆ: ಮನೆಯಲ್ಲಿ ಒಂದು ವಾರ ಗಮನಿಸಿ

ಹೆಸರು ಕರೆದು ನೋಡುವುದರಿಂದ ಶುರು ಮಾಡಿ. ಮಗು ಆಟದಲ್ಲಿದ್ದಾಗ, ಟಿವಿ ಮೊಬೈಲ್ ಎರಡೂ ಬಂದ್ ಇದ್ದಾಗ, ನಾಲ್ಕೈದು ಅಡಿ ಹಿಂದೆ ನಿಂತು ನಿತ್ಯದ ದನಿಯಲ್ಲಿ ಒಮ್ಮೆ ಕರೆಯಿರಿ. ಐದು ಸೆಕೆಂಡ್ ತಡೆಯಿರಿ. ಚಪ್ಪಾಳೆ ತಟ್ಟಬೇಡಿ, ಹೆಗಲು ಮುಟ್ಟಬೇಡಿ. ದಿನಕ್ಕೆ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೀಗೆ ಮಾಡಿ, ಎಷ್ಟು ಸಲ ತಿರುಗಿತು ಎಂದು ಬರೆದಿಡಿ. ಒಂದು ವರ್ಷದ ಮಗು ಬಹುತೇಕ ಸಲ ತಿರುಗಬೇಕು. ಹೆಸರಿಗೆ ತಿರುಗದ ಮಗು ಬಿಸ್ಕಿಟ್ ಪ್ಯಾಕೆಟ್ ಸರಸರ ಎಂದ ಕೂಡಲೇ ಓಡಿ ಬಂದರೆ “ಕಿವಿ ಚಲೋನ ಅದಾವ, ಸೊಕ್ಕು ಮಾಡ್ತಾನ” ಎನ್ನುತ್ತಾರೆ. ಅದು ಸೊಕ್ಕಲ್ಲ. ಮನುಷ್ಯರ ದನಿಗಿಂತ ವಸ್ತುವಿನ ಸದ್ದು ಆ ಮಗುವಿನ ಗಮನ ಸೆಳೆಯುತ್ತಿರಬಹುದು ಎಂಬ ಸೂಚನೆ.

ಆಮೇಲೆ ಬೆರಳು. ಮಕ್ಕಳ ಬೆಳವಣಿಗೆ ಬಲ್ಲವರು ಮಾತಿಗಿಂತ ಹೆಚ್ಚು ಬೆಲೆ ಕೊಡುವುದು ಇದಕ್ಕೆ. ಮಗು ಎರಡು ಕಾರಣಕ್ಕೆ ಬೆರಳು ತೋರಿಸುತ್ತದೆ. ಮೇಲಿನ ಡಬ್ಬಿ ಬೇಕು ಎಂದು ತೋರಿಸುವುದು ಬೇಡಿಕೆ. ಅಂಗಳದಲ್ಲಿ ಆಕಳು ಬಂತೆಂದು ಬೆರಳು ಮಾಡಿ, ಆಕಳನ್ನು ನೋಡಿ, ಮತ್ತೆ ತಿರುಗಿ ಅವ್ವನ ಮುಖ ನೋಡಿ “ನೀನೂ ನೋಡಿದೆಯಾ?” ಎಂಬಂತೆ ನಗುವುದು ಹಂಚಿಕೊಳ್ಳುವಿಕೆ. 18 ತಿಂಗಳಿಗೆ ಈ ಎರಡನೆಯದು ಇರಲೇಬೇಕು. ಅದು ಇಲ್ಲದಿದ್ದರೆ ಹತ್ತಿಪ್ಪತ್ತು ಶಬ್ದ ಬರುತ್ತಿದ್ದರೂ ತಪಾಸಣೆ ಬೇಕು. ಅದು ಚೆನ್ನಾಗಿದ್ದು ಮಾತು ಮಾತ್ರ ತಡವಾಗಿದ್ದರೆ ಆಟಿಸಂ ಸಾಧ್ಯತೆ ಕಡಿಮೆ. ನೀವೇ “ಅಲ್ನೋಡು ಟ್ರ್ಯಾಕ್ಟರ್” ಎಂದು ತೋರಿಸಿದಾಗ ಮಗು ಟ್ರ್ಯಾಕ್ಟರ್ ಕಡೆ ನೋಡುತ್ತದೆಯೋ, ನಿಮ್ಮ ಬೆರಳನ್ನೇ ನೋಡುತ್ತದೆಯೋ, ಎರಡೂ ಇಲ್ಲವೋ ಎಂಬುದನ್ನೂ ಬರೆಯಿರಿ. ಬೆರಳು ಮಾಡುವ ಬದಲು ದೊಡ್ಡವರ ಮುಂಗೈ ಹಿಡಿದೆಳೆದು, ಮುಖ ನೋಡದೆ, ಆ ಕೈಯನ್ನು ಒಯ್ದು ಫ್ರಿಜ್ ಬಾಗಿಲ ಮೇಲಿಡುವ ಮಕ್ಕಳಿವೆ. ಮುಖ್ಯವಾದ ಲಕ್ಷಣವದು.

ತುಂಬಿದ ಮನೆಯಲ್ಲಿ ಇಲ್ಲೊಂದು ತೊಡಕಿದೆ. ಮಗು ಕೇಳುವ ಮೊದಲೇ ಅಜ್ಜಿ ನೀರು, ಅತ್ತೆ ಬಿಸ್ಕಿಟ್, ಕಾಕಾ ಮೊಬೈಲ್ ಕೊಟ್ಟುಬಿಟ್ಟರೆ ಅದಕ್ಕೆ ಬೆರಳು ತೋರಿಸುವ ಪ್ರಸಂಗವೇ ಬರುವುದಿಲ್ಲ. ಆ ಒಂದು ವಾರ ಇಷ್ಟದ ವಸ್ತುಗಳನ್ನು ಕಾಣುವಂತೆ, ಕೈಗೆ ಸಿಗದಂತೆ ಇಟ್ಟು ನೋಡಿ.

ಉಳಿದವು ಬೇಗ ತಿಳಿಯುತ್ತವೆ. ಟಾಟಾ ಮಾಡುತ್ತದೆಯೇ, ರೊಟ್ಟಿ ಬಡಿಯುವಂತೆ, ಫೋನಿನಲ್ಲಿ ಮಾತಾಡುವಂತೆ ಸುಳ್ಳಾಟ ಆಡುತ್ತದೆಯೇ, ಬೇರೆ ಮಕ್ಕಳ ಕಡೆ ಹೋಗುತ್ತದೆಯೇ ನೋಡಿ. ಆಟದ ಗಾಡಿಯನ್ನು ಓಡಿಸದೆ ಗಾಲಿ ಮಾತ್ರ ತಿರುವುತ್ತಾ ಕೂರುವುದು, ಚಪ್ಪಲಿ ಅಥವಾ ಡಬ್ಬಿಗಳನ್ನು ಸಾಲಾಗಿ ಇಡುವುದು, ತುದಿಗಾಲಲ್ಲಿ ನಡೆಯುವುದು, ರೆಕ್ಕೆಯಂತೆ ಕೈ ಬಡಿಯುವುದು, ತಿರುಗುವ ಫ್ಯಾನ್ ನೋಡುತ್ತಾ ನಿಲ್ಲುವುದು, ಕುಕ್ಕರ್ ಸೀಟಿಗೆ ಕಿವಿ ಮುಚ್ಚುವುದು, ಬಿಳಿ ಅನ್ನ ಬಿಟ್ಟು ಬೇರೇನೂ ಮುಟ್ಟದಿರುವುದು ಇವೆಲ್ಲ ಎರಡನೇ ಗುಂಪಿನವು. ಇವುಗಳಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಆಗೀಗ ಕಾಣುತ್ತವೆ. ಎಷ್ಟು ಹೊತ್ತು ನಡೆಯುತ್ತದೆ, ತಡೆದರೆ ಏನಾಗುತ್ತದೆ ಎಂಬುದು ಮುಖ್ಯ.

ಕಾಯದೆ ವೈದ್ಯರ ಬಳಿ ಹೋಗಬೇಕಾದ ಗಡುವುಗಳಿವು: 12 ತಿಂಗಳಿಗೆ ಬ್ಬ ಬ್ಬ, ದ್ದ ದ್ದ ಎಂಬ ತೊದಲು ಇಲ್ಲ, ಕೈಸನ್ನೆ ಇಲ್ಲ, 16 ತಿಂಗಳಿಗೆ ಒಂದು ಶಬ್ದವೂ ಇಲ್ಲ, 24 ತಿಂಗಳಿಗೆ “ಅವ್ವ ಬಾ”, “ನೀರು ಕೊಡು” ಎಂಬಂಥ ಎರಡು ಶಬ್ದದ ಸ್ವಂತ ಮಾತಿಲ್ಲ. ಬಂದ ಮಾತು ಅಥವಾ ನಗು ಯಾವ ವಯಸ್ಸಿನಲ್ಲೇ ಆಗಲಿ ಹೋಯಿತೆಂದರೆ ಅದೇ ವಾರ ತೋರಿಸಿ. ಅದರ ಜೊತೆ ಫಿಟ್ಸ್ ಬಂದಿದ್ದರೆ, ಅಥವಾ ಹೆಣ್ಣುಮಗು ಕೈಗಳಿಂದ ಮಾಡುತ್ತಿದ್ದ ಕೆಲಸ ಬಿಟ್ಟು ಸದಾ ಕೈ ಹೊಸೆಯತೊಡಗಿದ್ದರೆ ಮಕ್ಕಳ ನರರೋಗ ತಜ್ಞರು ನೋಡಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದಿಷ್ಟು ಎಚ್ಚರ ಬೇಕು. ಗಂಡುಮಕ್ಕಳಲ್ಲಿ ಆಟಿಸಂ ಮೂರ್ನಾಲ್ಕು ಪಟ್ಟು ಹೆಚ್ಚು ಗುರುತಾಗುತ್ತದೆ. ಹೆಣ್ಣುಮಕ್ಕಳು ನೋಡಿ ನಕಲು ಮಾಡುವುದರಿಂದಲೂ, “ಶಾಂತ ಹುಡುಗಿ, ನಾಚಿಕಿ ಸ್ವಭಾವ” ಎಂದು ನಾವು ಬಿಟ್ಟುಬಿಡುವುದರಿಂದಲೂ ಹಲವರು ತಪ್ಪಿಹೋಗುತ್ತಾರೆ.

ಎರಡನೇ ಹೆಜ್ಜೆ: ಇಪ್ಪತ್ತು ಪ್ರಶ್ನೆ

16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್-ಆರ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ಹೌದು, ಇಲ್ಲ ಎಂದು ಉತ್ತರಿಸಿದರಾಯಿತು, ಹತ್ತು ನಿಮಿಷ ಸಾಕು. ತಪ್ಪಾಗುವುದು ಉತ್ತರ ಬರೆಯುವಲ್ಲಿ. ಯಾವಾಗಲೋ ಒಂದೆರಡು ಸಲ ಮಾಡಿದ್ದನ್ನು ನೆನೆದು “ಹೌದು” ಎಂದರೆ ಲೆಕ್ಕ ತಪ್ಪುತ್ತದೆ. ಸಾಮಾನ್ಯವಾಗಿ ಮಾಡದಿದ್ದರೆ “ಇಲ್ಲ” ಎಂದೇ ಬರೆಯಬೇಕು. 2, 5 ಮತ್ತು 12ನೇ ಪ್ರಶ್ನೆಗಳು ಉಲ್ಟಾ ಇವೆ. ಅಲ್ಲಿ “ಹೌದು” ಎಂದರೆ ಅಂಕ, ಉಳಿದ ಕಡೆ “ಇಲ್ಲ” ಎಂದರೆ ಅಂಕ. ಒಟ್ಟು 2ರವರೆಗೆ ಬಂದರೆ ಅಪಾಯ ಕಡಿಮೆ. ಆದರೆ ಮಗುವಿಗೆ ಎರಡು ವರ್ಷ ತುಂಬಿರದಿದ್ದರೆ ತುಂಬಿದ ಮೇಲೆ ಮತ್ತೊಮ್ಮೆ ಕೇಳಬೇಕು. 3ರಿಂದ 7 ಬಂದರೆ ವೈದ್ಯರು ಅವೇ ಪ್ರಶ್ನೆಗಳನ್ನು ಬಿಡಿಸಿ ಕೇಳುತ್ತಾರೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ಪೂರ್ಣ ತಪಾಸಣೆಗೆ. ಇದು ಜರಡಿಯೇ ಹೊರತು ತೀರ್ಪಲ್ಲ. ಹೆಚ್ಚು ಅಂಕ ಬಂದ ಎಲ್ಲರಿಗೂ ಆಟಿಸಂ ಇರುವುದಿಲ್ಲ, ಆದರೆ ಬೆಳವಣಿಗೆಯ ಯಾವುದಾದರೊಂದು ನೆರವು ಅವರಲ್ಲಿ ಬಹಳಷ್ಟು ಮಕ್ಕಳಿಗೆ ಬೇಕಾಗುತ್ತದೆ.

ಖಾಸಗಿ ಮಕ್ಕಳ ವೈದ್ಯರ ಬಳಿ ಲಸಿಕೆಗೆ ಹೋದಾಗಲೇ 18 ಮತ್ತು 24 ತಿಂಗಳಿಗೆ ಈ ಪಟ್ಟಿ ಕೇಳಿ ಮಾಡಿಸಿಕೊಳ್ಳಿ. ಹಳ್ಳಿಯಲ್ಲಿದ್ದರೆ ಅಂಗನವಾಡಿ ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. ಬರುವ ದಿನ ಕಾರ್ಯಕರ್ತೆಗೆ ಗೊತ್ತಿರುತ್ತದೆ. “ಮಗು ಅಳ್ತದ” ಎಂದು ಆ ದಿನ ಮನೆಯಲ್ಲೇ ಉಳಿಸಿಕೊಳ್ಳಬೇಡಿ.

ಮೂರನೇ ಹೆಜ್ಜೆ: ಕಿವಿ ಪರೀಕ್ಷೆ, ತಪ್ಪಿಸಲೇಬಾರದು

ಕರೆದರೆ ತಿರುಗದ, ಮಾತು ಬಾರದ ಮಗುವಿನ ಕಿವಿಯನ್ನು ಯಂತ್ರದಿಂದ ಪರೀಕ್ಷಿಸದೆ ಯಾರೂ ಆಟಿಸಂ ಎಂದು ಮುದ್ರೆ ಒತ್ತಬಾರದು. ಮನೆಯಲ್ಲಿ ತಾಟು ಬಡಿದು ನೋಡುವುದು ಪರೀಕ್ಷೆಯಲ್ಲ. ದೊಡ್ಡ ಸದ್ದು ಕೇಳಿಸುವ ಮಗುವಿಗೆ ಮಾತಿನ ಸಣ್ಣ ದನಿಗಳು ಕೇಳಿಸದಿರಬಹುದು. ಕಿವಿಯೊಳಗೆ ಸಣ್ಣ ಸಾಧನವಿಟ್ಟು ಒಳಗಿವಿಯ ಸ್ಪಂದನೆ ನೋಡುವ ಒಎಇ ಪರೀಕ್ಷೆ ಕೆಲವೇ ನಿಮಿಷದ್ದು. ಸದ್ದು ಕಿವಿಯ ನರದಿಂದ ಮಿದುಳಿಗೆ ತಲುಪುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಮಗು ಮಲಗಿರಬೇಕು, ಎಚ್ಚರಾದರೆ ಆಗುವುದಿಲ್ಲ.

ದೂರದಿಂದ ಬರುವವರಿಗೆ ಕಷ್ಟವಾಗುವುದು ಇಲ್ಲಿಯೇ. ಗದಗಿನಿಂದಲೋ ಹಾವೇರಿಯಿಂದಲೋ ಬೆಳಗಿನ ಬಸ್ಸು ಹತ್ತಿದ ಮಗು ದಾರಿಯುದ್ದಕ್ಕೂ ಮಲಗಿ, ಪರೀಕ್ಷೆಯ ಹೊತ್ತಿಗೆ ಕಣ್ಣರಳಿಸಿ ಓಡಾಡುತ್ತದೆ. ಮಲಗಿಸುವ ಸಿರಪ್ ಕೊಟ್ಟರೂ ಹತ್ತುವುದಿಲ್ಲ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ನಸುಕಿನಲ್ಲೇ ಎಬ್ಬಿಸಿ, ದಾರಿಯಲ್ಲಿ ಒಬ್ಬರು ಆಟವಾಡಿಸುತ್ತಾ ಎಚ್ಚರವಾಗಿಡಿ. ಸಾಧ್ಯವಾದರೆ ಮಧ್ಯಾಹ್ನ ಮಗು ನಿತ್ಯ ಮಲಗುವ ಹೊತ್ತಿನ ಸಮಯವನ್ನೇ ಕೇಳಿ ಪಡೆಯಿರಿ. ಸಿರಪ್ ಕೊಡುವ ಮುನ್ನ ಎಷ್ಟು ಹೊತ್ತು ಹಾಲು, ಊಟ ಕೊಡಬಾರದು ಎಂದು ಆಸ್ಪತ್ರೆಯಲ್ಲೇ ಕೇಳಿ ತಿಳಿದುಕೊಳ್ಳಿ. ಮಲಗಿಸುವ ಔಷಧವನ್ನು ಮನೆಯಿಂದ ಕುಡಿಸಿಕೊಂಡು ಬರಬೇಡಿ. ನೆಗಡಿ, ಕಿವಿ ಸೋರಿಕೆ ಇದ್ದರೆ ಮೊದಲೇ ತಿಳಿಸಿ.

ನಾಲ್ಕನೇ ಹೆಜ್ಜೆ: ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ನಮ್ಮ ಭಾಗದಲ್ಲಿ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಗದಗಿನ ವೈದ್ಯಕೀಯ ಸಂಸ್ಥೆ ಜಿಮ್ಸ್, ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವು ಸರ್ಕಾರಿ ದಾರಿಗಳು. ಆರ್‌ಬಿಎಸ್‌ಕೆ ತಂಡ ಗುರುತಿಸಿದ ಮಕ್ಕಳನ್ನು ಬೆಳವಣಿಗೆಯ ತೊಂದರೆಗಳಿಗೆ ಬೇಗ ನೆರವು ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ತಂಡದ ಚೀಟಿ ಇಲ್ಲದಿದ್ದರೂ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ “ಡಿಇಐಸಿ ಎಲ್ಲಿದೆ?” ಎಂದು ಕೇಳಿ. ಮಾತು ಮತ್ತು ಕಿವಿಯ ವಿವರವಾದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಗೊಂದಲ ಉಳಿದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ. ದೂರದ ಊರಿಗೆ ಒಮ್ಮೆ ಹೋಗಿಬಂದು ಸುಮ್ಮನಾಗುವುದಕ್ಕಿಂತ, ವಾರಕ್ಕೆರಡು ಸಲ ಹೋಗಿಬರಲು ಆಗುವ ಹತ್ತಿರದ ಕೇಂದ್ರವೇ ಮಗುವಿಗೆ ಹೆಚ್ಚು ಉಪಯೋಗ.

ರಕ್ತ ಪರೀಕ್ಷೆಯಿಂದಾಗಲಿ, ಎಂಆರ್‌ಐನಿಂದಾಗಲಿ ಆಟಿಸಂ ಗೊತ್ತಾಗುವುದಿಲ್ಲ. ಫಿಟ್ಸ್, ತಲೆಯ ಗಾತ್ರದಲ್ಲಿ ವ್ಯತ್ಯಾಸ, ಕೈಕಾಲಿನ ದೋಷ ಇದ್ದರೆ ಮಾತ್ರ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎಂಆರ್‌ಐ ಬೇಕಾಗುತ್ತವೆ. ಮಣ್ಣು, ಸುಣ್ಣ ತಿನ್ನುವ ಮಗುವಿಗೆ ರಕ್ತಹೀನತೆ ಮತ್ತು ಸೀಸದ ಪರೀಕ್ಷೆ ಮಾಡಿಸಬಹುದು. ನಿರ್ಣಯ ಆಗುವುದು ಮಗುವನ್ನು ನೋಡಿ, ಪಾಲಕರನ್ನು ಕೇಳಿ. ತಜ್ಞರು ನೋಡಿದರೆ ಎರಡು ವರ್ಷಕ್ಕೆ ನಂಬಬಹುದಾದ ನಿರ್ಣಯ ಸಾಧ್ಯ. ಭಾರತದಲ್ಲಿ ಐಎಸ್‌ಎಎ ಎಂಬ, ಆಟಿಸಂ ಎಷ್ಟಿದೆ ಎಂದು ಅಳೆಯುವ ಮಾಪಕ ಬಳಸುತ್ತಾರೆ. 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕಿಂತ ಮೇಲೆ ತೀವ್ರ.

ಹೊಸ ಕೋಣೆಯಲ್ಲಿ ಮಗು ಬರೀ ಅಳಬಹುದು, ಇಲ್ಲವೇ ಮನೆಗಿಂತ ಚೆನ್ನಾಗಿಯೇ ಇರಬಹುದು. ಆದ್ದರಿಂದ ಮೊಬೈಲಿನಲ್ಲಿ ಒಂದೆರಡು ನಿಮಿಷದ ನಾಲ್ಕು ವಿಡಿಯೊ ಮಾಡಿ ಒಯ್ಯಿರಿ: ಹಿಂದಿನಿಂದ ಹೆಸರು ಕರೆದಾಗ, ಒಬ್ಬನೇ ಆಡುವಾಗ, ಬೇರೆ ಮಕ್ಕಳ ನಡುವೆ ಇದ್ದಾಗ, ಊಟ ಮಾಡುವಾಗ. “ಹೇಳು, ಮಾಡು, ಇಲ್ನೋಡು” ಎಂದು ಹುರಿದುಂಬಿಸಿ ತೆಗೆದ ವಿಡಿಯೊ ಕೆಲಸಕ್ಕೆ ಬಾರದು. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಹಾಳೆ, ವಾರದ ಟಿಪ್ಪಣಿ, ಹಳೆಯ ಚೀಟಿಗಳು ಜೊತೆಗಿರಲಿ. ಮಗುವಿನ ಜೊತೆ ದಿನವಿಡೀ ಇರುವವರೇ ಬರಬೇಕು, ಅದು ಅಜ್ಜಿಯಾದರೆ ಅಜ್ಜಿಯೇ.

ಕಾರಣ ಏನು? ಏನು ಅಲ್ಲ?

ವೈದ್ಯರ ಕೋಣೆಯಿಂದ ಹೊರಬಂದ ತಾಯಿಯನ್ನು ಮನೆಮಂದಿ ಮೊದಲು ಕೇಳುವುದು ಇದನ್ನೇ, ಮತ್ತು ಆ ಪ್ರಶ್ನೆಯೊಳಗೆ ಒಂದು ಆಪಾದನೆಯೂ ಇರುತ್ತದೆ. ಅದಕ್ಕಾಗಿ ಸ್ಪಷ್ಟವಾಗಿ ಹೇಳಬೇಕು. ತಾಯಿಯ ನಡತೆ, ಪ್ರೀತಿಯ ಕೊರತೆ, ಕೆಲಸಕ್ಕೆ ಹೋಗುವುದು, ಬಸುರಿಯಲ್ಲಿ ಅತ್ತಿದ್ದು, ಗ್ರಹಣ ನೋಡಿದ್ದು, ದೃಷ್ಟಿ ತಾಗಿದ್ದು ಯಾವುದೂ ಕಾರಣವಲ್ಲ.

ಹೆಚ್ಚಿನ ಪಾಲು ಅನುವಂಶಿಕ. ಅವಳಿ ಮಕ್ಕಳ ಅಧ್ಯಯನಗಳು ಸುಮಾರು 80 ಪ್ರತಿಶತದವರೆಗೆ ತೋರಿಸುತ್ತವೆ. ಹಾಗೆಂದು ಒಂದೇ ಜೀನ್ ಅಲ್ಲ, ನೂರಾರು ಜೀನ್‌ಗಳ ಪಾತ್ರವಿದೆ. ಎಷ್ಟೋ ಸಲ ಆ ಬದಲಾವಣೆ ತಂದೆತಾಯಿಯಲ್ಲಿ ಇರದೆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಫ್ರಜೈಲ್ ಎಕ್ಸ್, ಟ್ಯೂಬರಸ್ ಸ್ಕ್ಲೆರೋಸಿಸ್‌ನಂಥ ಹೆಸರಿರುವ ಅನುವಂಶಿಕ ತೊಂದರೆಗಳು ಕೆಲವು ಮಕ್ಕಳಲ್ಲಿ ಸಿಗುತ್ತವೆ. ಇದರ ಮೇಲೆ ಅಪಾಯ ಹೆಚ್ಚಿಸುವ ಸಂಗತಿಗಳು: ದಿನ ತುಂಬುವ ಬಹಳ ಮುಂಚೆ ಹೆರಿಗೆ, ತೀರಾ ಕಡಿಮೆ ತೂಕ, ತಂದೆ ಅಥವಾ ತಾಯಿಯ ವಯಸ್ಸು ಹೆಚ್ಚಿರುವುದು, ಬಸುರಿಯಲ್ಲಿ ರುಬೆಲ್ಲಾ ಸೋಂಕು, ತಾಯಿಯ ಮಧುಮೇಹ, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಗುಳಿಗೆ. ಈ ಗುಳಿಗೆ ನುಂಗುತ್ತಿರುವ ಹೆಣ್ಣುಮಗಳು ಗರ್ಭ ಧರಿಸುವ ಮೊದಲೇ ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಬೇಕು. ತಾನಾಗಿ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ.

ಸೋದರಮಾವನ ಜೊತೆ, ಸೋದರತ್ತೆಯ ಮಕ್ಕಳ ಜೊತೆ ಮದುವೆ ನಮ್ಮ ಭಾಗದಲ್ಲಿ ಇನ್ನೂ ಇದೆ. ರಕ್ತಸಂಬಂಧದ ಮದುವೆಯಲ್ಲಿ ಎರಡೂ ಕಡೆಯಿಂದ ಒಂದೇ ದೋಷದ ಜೀನ್ ಕೂಡಿಬಂದು ಹುಟ್ಟುವ ಕಾಯಿಲೆಗಳು ಹೆಚ್ಚು. ಅವುಗಳಲ್ಲಿ ಕೆಲವು ಆಟಿಸಂ ಲಕ್ಷಣಗಳನ್ನೂ ತರುತ್ತವೆ. ವೈದ್ಯರು ಕೇಳಿದಾಗ ಮುಚ್ಚಿಡಬೇಡಿ. ಮುಂದಿನ ಮಗುವಿನ ಬಗ್ಗೆ ಸರಿಯಾದ ಸಲಹೆ ಸಿಗುವುದು ಅದರಿಂದಲೇ. ಒಂದು ಮಗುವಿಗೆ ಆಟಿಸಂ ಇದ್ದರೆ ಅದರ ಒಡಹುಟ್ಟಿದವರಲ್ಲಿ ಐವರಲ್ಲಿ ಒಬ್ಬರಿಗೆ ಬರುವ ಸಾಧ್ಯತೆ ಇದೆ. ಎರಡನೇ ಕೂಸನ್ನು 9 ತಿಂಗಳಿನಿಂದಲೇ ಗಮನಿಸುತ್ತಿರಿ.

ಲಸಿಕೆ ಕಾರಣವಲ್ಲ. 1998ರಲ್ಲಿ ಬ್ರಿಟನ್ನಿನಲ್ಲಿ ಬರೀ 12 ಮಕ್ಕಳನ್ನು ಇಟ್ಟುಕೊಂಡು ಬಂದ ಲೇಖನದಿಂದ ದಡಾರದ ಲಸಿಕೆ ಆಟಿಸಂ ತರುತ್ತದೆಂಬ ಭಯ ಹುಟ್ಟಿತು. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಬರೆದ ವೈದ್ಯರ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟವಾದ ಅಧ್ಯಯನ ಯಾವ ಸಂಬಂಧವನ್ನೂ ಕಾಣಲಿಲ್ಲ. ಗೊಂದಲಕ್ಕೆ ಕಾರಣ ವಯಸ್ಸು. ನಮ್ಮಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸ್ ಹಾಕುವುದು 16ರಿಂದ 24 ತಿಂಗಳಲ್ಲಿ. ಕೆಲವು ಮಕ್ಕಳಲ್ಲಿ ಬಂದ ಮಾತು ಹೋಗುವುದೂ ಅದೇ ತಿಂಗಳುಗಳಲ್ಲಿ. ಲಸಿಕೆ ಬಿಟ್ಟರೆ ದಡಾರದ ಅಪಾಯ ಮಾತ್ರ ಉಳಿಯುತ್ತದೆ.

ಮೊಬೈಲಿನ ವಿಷಯ ಹೆಚ್ಚು ಸೂಕ್ಷ್ಮ. ಮೊಬೈಲ್ ಆಟಿಸಂ ಹುಟ್ಟಿಸುತ್ತದೆ ಎಂಬುದು ಸಾಬೀತಾಗಿಲ್ಲ. ಆದರೆ ಮಂದಿಯ ಕಡೆ ಗಮನ ಕಡಿಮೆ ಇರುವ ಮಗುವಿನ ಕೈಗೆ ಅದನ್ನು ಕೊಟ್ಟರೆ ಉಳಿದ ಅವಕಾಶವೂ ಹೋಗುತ್ತದೆ. ಎರಡು ವರ್ಷದೊಳಗೆ ಪೂರ್ತಿ ಬೇಡ, ಆಮೇಲೆ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯೊಳಗೆ, ಅದೂ ದೊಡ್ಡವರ ಜೊತೆ ಕೂತು. “ಮೊದಲು ಆರು ತಿಂಗಳು ಮೊಬೈಲ್ ಬಿಡಿಸಿ ನೋಡೋಣ, ಆಮೇಲೆ ಡಾಕ್ಟರು” ಎನ್ನುವುದು ತಪ್ಪು. ಮೊಬೈಲನ್ನು ಇಂದೇ ಬಿಡಿಸಿ, ತಪಾಸಣೆಯ ಸಮಯವನ್ನೂ ಇಂದೇ ಕೇಳಿ.

ಮನೆಯಲ್ಲಿ ಕನ್ನಡ, ಉರ್ದು, ಮರಾಠಿ, ಲಂಬಾಣಿ ಎಂದು ಎರಡು ಮೂರು ಭಾಷೆ ಇರುವುದರಿಂದಲೂ ಆಟಿಸಂ ಬರುವುದಿಲ್ಲ. ಮಗುವಿಗಾಗಿ ಮನೆಮಾತು ಬಿಟ್ಟು ಅರೆಬರೆ ಇಂಗ್ಲಿಷ್ ಆಡತೊಡಗಿದರೆ ಅಜ್ಜ ಅಜ್ಜಿಯ ಮಾತೂ ಅದಕ್ಕೆ ಇಲ್ಲವಾಗುತ್ತದೆ.

ಐದನೇ ಹೆಜ್ಜೆ: ಸರದಿ ಬರುವ ತನಕ ಮನೆಯಲ್ಲಿ

ಥೆರಪಿ, ಅಂದರೆ ಮಾತು, ಆಟ, ಬೆರೆಯುವುದನ್ನು ಕಲಿಸುವ ತರಬೇತಿ ಶುರು ಮಾಡಲು ಪ್ರಮಾಣಪತ್ರ ಬೇಕಿಲ್ಲ, ಅಂತಿಮ ನಿರ್ಣಯವೂ ಬೇಕಿಲ್ಲ. ಪಕ್ಕದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಪಾಲಕರಿಗೆ ಆಟದ ಬಗೆ ಕಲಿಸಿದರು. ಪಾಲಕರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಗು ತಾನಾಗಿ ಮಾತುಕತೆಗೆ ಮುಂದಾಗುವುದೂ ಹೆಚ್ಚಿತು.

ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲ 15 ನಿಮಿಷ. ನೆಲದ ಮೇಲೆ ಮಗುವಿನ ಎದುರು, ಅದರ ಕಣ್ಣಿನ ಎತ್ತರಕ್ಕೆ ಕುಳಿತುಕೊಳ್ಳಿ. ಮಗು ಏನು ಮಾಡುತ್ತಿದೆಯೋ ಅದನ್ನೇ ನೀವೂ ಮಾಡಿ. ಅದು ಡಬ್ಬಿ ಬಡಿದರೆ ನೀವೂ ಬಡಿಯಿರಿ. ಒಂದೂ ಮಾತಿಲ್ಲದ ಮಗುವಿಗೆ ಒಂದೇ ಶಬ್ದ: “ಚೆಂಡು”, “ಬಿತ್ತು”. ಒಂದು ಶಬ್ದ ಬರುವ ಮಗುವಿಗೆ ಎರಡು: “ಚೆಂಡು ಬಿತ್ತು”.

ಕೇಳುವ ಅವಕಾಶ ಸೃಷ್ಟಿಸಿ. ಒಂದು ಮುಷ್ಟಿ ಚುರಮುರಿಯನ್ನು ಒಮ್ಮೆಗೇ ತಾಟಿಗೆ ಹಾಕದೆ ನಾಲ್ಕೈದು ಕಾಳಿನಂತೆ ಕೊಟ್ಟರೆ ಹತ್ತು ಹದಿನೈದು ಅವಕಾಶ ಸಿಗುತ್ತವೆ. ಶೇಂಗಾ ಬೇಡ, ಗಂಟಲಿಗೆ ಸಿಕ್ಕೀತು. ಮುಖದ ಬಳಿ ಹಿಡಿದು ಐದರಿಂದ ಹತ್ತು ಸೆಕೆಂಡ್ ಸುಮ್ಮನೆ ತಡೆಯಿರಿ. ಮಗು ನೋಡಿದರೆ, ಕೈ ಚಾಚಿದರೆ, ಯಾವುದೇ ದನಿ ಮಾಡಿದರೆ ಆ ಕ್ಷಣವೇ ಕೊಡಿ, “ಚುರಮುರಿ” ಎನ್ನಿ. ಕೆಡುವುದು ಎರಡು ಕಡೆ. ಒಂದು, ಅಳುವ ತನಕ ಹಿಡಿದಿಡುವುದು. ಆಗ ಮಗು ಕಲಿಯುವುದು ಅಳುವುದನ್ನು. ಇನ್ನೊಂದು, “ಅನ್ನು, ಅನ್ನು, ಇದೇನು, ಇದ್ಯಾವ ಬಣ್ಣ” ಎಂದು ಪರೀಕ್ಷೆ ಮಾಡುವುದು. ಪ್ರಶ್ನೆ ಹೆಚ್ಚಾದಷ್ಟೂ ಮಗು ಮುಖ ತಿರುಗಿಸುತ್ತದೆ. ಮಾತು ಬರದ ಮಗುವಿಗೆ ಚಿತ್ರದ ಕಾರ್ಡು, ಸನ್ನೆ ಕಲಿಸಲು ಹಿಂಜರಿಯಬೇಡಿ, ಅದರಿಂದ ಮಾತು ನಿಲ್ಲುವುದಿಲ್ಲ.

ದಿನದ ಕ್ರಮ ಬದಲಾಗುವುದಿದ್ದರೆ ಮೊದಲೇ ತೋರಿಸಿ ಹೇಳಿ: “ಮೊದಲು ಜಳಕ, ಆಮೇಲೆ ಜೋಕಾಲಿ”. ಗಣಪತಿ ಮೆರವಣಿಗೆಯ ಡಿಜೆ ಸದ್ದಿಗೆ ಒಯ್ಯಬೇಡಿ. ಹೋಗಲೇಬೇಕಾದರೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ ದೂರ ನಿಲ್ಲಿ.

ಹೊಲಮನೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಜೀವರಕ್ಷಣೆ. ಈ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುತ್ತಾರೆ, ನೀರಿನ ಸೆಳೆತ ಬಹಳ ಮಕ್ಕಳಿಗೆ ಇರುತ್ತದೆ. ಕೃಷಿಹೊಂಡಕ್ಕೆ ಬೇಲಿ, ಬಾವಿಗೆ ಜಾಳಿಗೆ, ತಲಬಾಗಿಲಿಗೆ ಮೇಲಿನ ಚಿಲಕ ಹಾಕಿಸಿ. ಜಾತ್ರೆಗೆ ಹೋಗುವಾಗ ಅಂಗಿಯ ಒಳಬದಿಗೆ ನಿಮ್ಮ ಫೋನ್ ನಂಬರ್ ಬರೆಯಿರಿ.

ಥೆರಪಿ ಆರಿಸುವಾಗ, ಕಾಗದಪತ್ರ ಮಾಡಿಸುವಾಗ

ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಕೇಳಿ. ಥೆರಪಿ ನಡೆಯುವಾಗ ನಿಮ್ಮನ್ನು ಒಳಗೆ ಕೂರಿಸಿ, ಮನೆಯಲ್ಲಿ ಏನು ಮಾಡಬೇಕೆಂದು ಕಲಿಸುವ ಕೇಂದ್ರ ಒಳ್ಳೆಯದು. ಬಾಗಿಲು ಹಾಕಿ ಮಗುವನ್ನಷ್ಟೇ ಒಯ್ಯುವ, “ಇಷ್ಟು ತಿಂಗಳಲ್ಲಿ ಗುಣ” ಎಂದು ಮಾತು ಕೊಡುವ ಕಡೆ ದುಡ್ಡು ಕಟ್ಟಬೇಡಿ. ಆಟಿಸಂನ ಮೂಲ ಲಕ್ಷಣಗಳನ್ನು ತೆಗೆಯುವ ಔಷಧವಿಲ್ಲ. ವಿಪರೀತ ಸಿಟ್ಟು, ತನಗೆ ತಾನೇ ಹೊಡೆದುಕೊಳ್ಳುವುದು, ನಿದ್ದೆಗೇಡು, ಫಿಟ್ಸ್ ಇವಕ್ಕೆ ವೈದ್ಯರು ಔಷಧ ಕೊಡಬಹುದು. ಸ್ಟೆಮ್ ಸೆಲ್ (ಮೂಲಕೋಶ) ಹಾಕಿಸುವುದು ಆಟಿಸಂಗೆ ಸಾಬೀತಾದ ಚಿಕಿತ್ಸೆಯಲ್ಲ, ಹೊಲ ಮಾರಿ ಅದಕ್ಕೆ ಸುರಿಯಬೇಡಿ. ಕೀಲೇಶನ್ ಎಂಬ ಲೋಹ ತೆಗೆಯುವ ಮದ್ದು ಜೀವಕ್ಕೆ ಅಪಾಯ. ಗೋಧಿ, ಹಾಲು ಬಿಡಿಸುವ ಪಥ್ಯಕ್ಕೆ ಗಟ್ಟಿ ಆಧಾರವಿಲ್ಲ. ಮೊದಲೇ ನಾಲ್ಕೇ ತಿನಿಸು ತಿನ್ನುವ ಮಗುವಿಗೆ ಅದರಿಂದ ಸುಣ್ಣದಂಶ ಕಡಿಮೆಯಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯ ವೈದ್ಯರ ಮುಂದೆ ಹಾಜರಾಗಬೇಕು. ಮಗುವಿನ ಆಧಾರ್, ಫೋಟೊ, ಐಎಸ್‌ಎಎ ವರದಿ ಇಟ್ಟುಕೊಳ್ಳಿ. ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯದ ಪ್ರಮಾಣ 40 ಪ್ರತಿಶತ ಅಥವಾ ಮೇಲೆ ಇರಬೇಕು. ಆಧಾರ್, ಜನನ ಪ್ರಮಾಣಪತ್ರ, ವರದಿ ಈ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ, ಇಲ್ಲದಿದ್ದರೆ ಮತ್ತೆ ತಿರುಗಾಟ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದ್ದು, ಮಿತಿಯೊಳಗೆ ಥೆರಪಿಯ ಖರ್ಚನ್ನೂ ಭರಿಸುತ್ತದೆ. ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿಡಿ.

ಆರು ತಿಂಗಳಿಗೊಮ್ಮೆ ಮರುತಪಾಸಣೆ ಮಾಡಿಸಿ. ಹೋಗುವ ಮುನ್ನ ಮೊದಲ ವಾರ ಮಾಡಿದ್ದ ಹೆಸರು ಕರೆಯುವ, ಬೆರಳು ತೋರಿಸುವ ಲೆಕ್ಕವನ್ನೇ ಮತ್ತೆ ಮಾಡಿ, ಹಳೆಯ ಹಾಳೆಯ ಜೊತೆ ಇಟ್ಟು ತೋರಿಸಿ. ಏನೂ ಬದಲಾಗದಿದ್ದರೆ ಥೆರಪಿಯ ಬಗೆ, ವಾರಕ್ಕೆ ಎಷ್ಟು ಸಲ ಎಂಬುದನ್ನು ಬದಲಿಸಲು ಕೇಳುವ ಹಕ್ಕು ನಿಮಗಿದೆ. ತಾಯಿಗೆ ನಿದ್ದೆ ಬಾರದೆ, ಊಟ ಸೇರದೆ ದಿನಗಳು ಹೋಗುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.